ವಹಿಯಲ್ಲಿ ಬಿದ್ದ ಹನ್ನೆರಡು ಒಡಪು

ನಳಕ್ಕೆ ನೀರು ಬಂದಾಗ ಐದೂವರೆ. ಎರಡು ಬ್ಯಾರಲ್, ಆರು ಕೊಡ ತುಂಬಿಸಿದೆ. ಅಂಗಳ ಗುಡಿಸಿ ರಂಗೋಲಿ ಹಾಕಿದೆ. ಅತ್ತೆಗೆ ಬಿ.ಪಿ. ಗುಳಿಗೆ ಕೊಟ್ಟೆ. ಕಡಲೆಬೇಳೆ ಬೇಯಲು ಇಟ್ಟು ಬೆಲ್ಲ ಪುಡಿ ಮಾಡಿದೆ. ಪಕ್ಕದ ಮನೆಯಿಂದ ಎರಡು ಜಮಖಾನೆ, ಒಂದು ದೊಡ್ಡ ಪರಾತ ತಂದೆ. ಹಸಿರು ಬಳೆಗಳನ್ನು ಡಬ್ಬಿಯಿಂದ ತೆಗೆದು ಬಿರುಕು ಬಿಟ್ಟವನ್ನು ಬೇರೆ ಇಟ್ಟೆ. ಹೂರಣ ರುಬ್ಬಿದೆ. ಕುಂಬಾರವಾಡದಿಂದ ಹಿಂದಿನ ದಿನವೇ ಬಂದಿದ್ದ ಬೀಗಿತ್ತಿಗೆ ಸ್ನಾನಕ್ಕೆ ನೀರು ಕಾಯಿಸಿದೆ. ಸೊಸೆಯ ಜಡೆ ಹೆಣೆದೆ. ಗಂಡಸರಿಗೆಲ್ಲ ಸಂಜೆಯವರೆಗೆ ಮನೆ ಕಡೆ ಸುಳಿಯಬೇಡಿ ಎಂದು ಹೇಳಿ ಕಳಿಸಿದೆ.

ದಿನವೂ ಮಾಡಿದ ಕೆಲಸವನ್ನು ಡೈರಿಯಲ್ಲಿ ಬರೆದಿಡುವುದು ನನ್ನ ರೂಢಿ. ಸೊಸೆಯ ಕುಬಸದ, ಅಂದರೆ ಸೀಮಂತದ, ದಿನದ ಪಟ್ಟಿ ಇದು. ಮಾಡಬೇಕಾಗಿದ್ದ ಒಂದು ಕೆಲಸ ಮಾತ್ರ ಇದರಲ್ಲಿಲ್ಲ. ಒಡಪಿನ ವಹಿಯನ್ನು ಟ್ರಂಕಿನೊಳಗೆ ಇಟ್ಟು ಕೀಲಿ ಹಾಕಬೇಕಾಗಿತ್ತು. ಹಾಕಲಿಲ್ಲ. ಅದು ದೇವರ ಮಾಡದ ಪಕ್ಕದಲ್ಲಿ, ಎಂದಿನ ಜಾಗದಲ್ಲಿ, ಯಾರ ಕೈಗಾದರೂ ಸಿಗುವಂತೆ ಕೂತಿತ್ತು.

ಒಡಪು ಎಂದರೆ ನಮ್ಮ ಹಳಿಯಾಳ ಕಡೆ ಗೊತ್ತಿಲ್ಲದ ಹೆಂಗಸಿಲ್ಲ. ಗಂಡನ ಹೆಸರನ್ನು ಸುಮ್ಮನೆ ಹೇಳಬಾರದು, ಎರಡು ಸಾಲಿನ ಪ್ರಾಸದಲ್ಲಿ ಇಟ್ಟು ಹೇಳಬೇಕು. ಮದುವೆಯಾಗಿ ಬಂದ ದಿನ ಹೊಸ್ತಿಲಲ್ಲಿ ನಿಲ್ಲಿಸಿ ಕೇಳುತ್ತಾರೆ, ಕುಬಸದಲ್ಲಿ ಕೇಳುತ್ತಾರೆ, ತೊಟ್ಟಿಲಿಗೆ ಹಾಕುವಾಗ ಕೇಳುತ್ತಾರೆ. ಎಲ್ಲ ಕಡೆಯೂ ಇರುವುದು ಇಷ್ಟೇ. ನಮ್ಮ ಮನೆಯಲ್ಲಿ ಮಾತ್ರ ಅತ್ತೆ ಇನ್ನೆರಡು ಕಟ್ಟು ಕಟ್ಟಿದ್ದಾರೆ. ಒಂದು, ಕೇಳುವವರು ಕೈಗೆ ಏನು ಕೊಡುತ್ತಾರೋ ಅದು ಒಡಪಿನಲ್ಲಿ ಬರಬೇಕು. ಸೌಟು ಕೊಟ್ಟರೆ ಸೌಟು, ಹಣಿಗೆ ಕೊಟ್ಟರೆ ಹಣಿಗೆ. ಎರಡನೆಯದು, ಈ ಮನೆಯಲ್ಲಿ ಒಮ್ಮೆ ಹೇಳಿದ ಒಡಪನ್ನು ಇನ್ನೊಬ್ಬರು ಹೇಳುವಂತಿಲ್ಲ. ಹಿಂದೆ ಇಬ್ಬರು ವಾರಗಿತ್ತಿಯರು ಒಂದೇ ಒಡಪಿಗಾಗಿ ಜಗಳಾಡಿ ಎರಡು ವರ್ಷ ಮಾತು ಬಿಟ್ಟಿದ್ದರಂತೆ. ಆಗ ಅತ್ತೆ ವಹಿ ಮಾಡಿಸಿದರು. ಯಾರು, ಯಾವ ದಿನ, ಯಾವ ವಸ್ತು, ಏನು ಹೇಳಿದರು, ಎಲ್ಲ ಅದರಲ್ಲಿ. ನನ್ನ ಅಕ್ಷರ ದುಂಡಗಿವೆ ಎಂದು ಇಪ್ಪತ್ತೆರಡು ವರ್ಷದಿಂದ ಬರೆಯುವ ಕೆಲಸ ನನಗೇ.

ಇಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ. ಒಡಪಿನಲ್ಲಿ ಗಂಡನ ಹೆಸರು ಬರುವ ಕಡೆ 'ಇಂಥವರು' ಎಂದು ಹಾಕುತ್ತೇನೆ. ಓದುವವರು ತಮತಮಗೆ ಬೇಕಾದವರನ್ನು ಕೂಡಿಸಿಕೊಳ್ಳಲಿ.

ಸೊಸೆ ಜೋಯಿಡಾ ತಾಲ್ಲೂಕಿನವಳು, ಮನೆಮಾತು ಕೊಂಕಣಿ. ದಾಂಡೇಲಿಯಲ್ಲಿ ರಕ್ತ ಪರೀಕ್ಷೆ ಮಾಡುವ ಕಡೆ ಕೆಲಸ. ಎಂಟು ಹತ್ತರ ಬಸ್ಸಿಗೆ ಹೋಗಿ ಸಂಜೆ ಆರಕ್ಕೆ ಬರುತ್ತಾಳೆ. ಕನ್ನಡ ಚೆನ್ನಾಗಿಯೇ ಬರುತ್ತದೆ. ಆದರೆ ಕಳೆದ ವರ್ಷ ಮದುವೆಯ ದಿನ ಹೊಸ್ತಿಲಲ್ಲಿ ನಿಲ್ಲಿಸಿ, ಮುಂಡಗೋಡದಿಂದ ಬಂದ ನನ್ನ ನಾದಿನಿ ಕೈಗೊಂದು ಸೌಟು ಕೊಟ್ಟು ಒಡಪು ಕೇಳಿದಾಗ ಅವಳ ಬಾಯಿ ಕಟ್ಟಿಹೋಯಿತು. ಐದು ನಿಮಿಷ ಸೌಟು ಹಿಡಿದುಕೊಂಡೇ ನಿಂತಿದ್ದಳು. ಕೊನೆಗೆ ಗುಂಪಿನಲ್ಲಿ ಯಾರೋ, ಕಾಡಿನ ಕಡೆಯ ಹುಡುಗಿ, ಅದಕ್ಕೇನು ಗೊತ್ತು, ಮಾಫಿ ಮಾಡಿಬಿಡ್ರಿ ಅಂದರು. ಎಲ್ಲರೂ ನಕ್ಕರು. ಹಿಂದೆ ನಿಂತಿದ್ದ ಅವಳ ತಾಯಿ ನಗಲಿಲ್ಲ. ನಾನು ರೂಢಿಯಂತೆ ವಹಿ ತೆಗೆದು ದಿನ, ವಸ್ತು ಬರೆದು, ಒಡಪಿನ ಜಾಗದಲ್ಲಿ 'ಮಾಫಿ' ಎಂದು ಬರೆದೆ. ಬರೆಯುವಾಗ ನನಗೆ ಏನೂ ಅನ್ನಿಸಲಿಲ್ಲ, ಅದು ನಿಜ.

ಅವಳು ಆ ಪುಟವನ್ನು ನೋಡಿದ್ದಾಳೆಂದು ಗೊತ್ತಾದದ್ದು ಈ ವರ್ಷ, ಕುಬಸದ ದಿನ ಗೊತ್ತು ಮಾಡಿದ ಮೇಲೆ. ರೊಟ್ಟಿ ಬಡಿಯುತ್ತಿದ್ದೆ. ಒಲೆಯ ಪಕ್ಕ ಬಂದು ನಿಂತು, ತಗ್ಗಿದ ದನಿಯಲ್ಲಿ ಹೇಳಿದಳು.

"ಅತ್ತೀ, ಈ ಸಲ ಅವ್ವ ಮುಂದಿನ ಸಾಲಿನಾಗ ಕುಂತಿರತಾಳ. ಆಕಿ ಮುಂದ ಇನ್ನೊಂದ ಸಲ ಮಾಫಿ ಬ್ಯಾಡ."

ರೊಟ್ಟಿ ಹಂಚಿಗೆ ಹಾಕಿ, ಆಗಲಿ, ಕಲಿಯೋಣ ಅಂದೆ. ನಾನೂ ಹೊಸ್ತಿಲಲ್ಲಿ ಹೇಳಿದ್ದು ಸ್ವಂತದ್ದಲ್ಲ. ನನ್ನ ಅಕ್ಕ ಮೂರು ದಿನ ಬಾಯಿಪಾಠ ಮಾಡಿಸಿ ಕಳಿಸಿದ್ದಳು. ಹೇಳಿಕೊಟ್ಟದ್ದನ್ನು ಹೇಳುವುದಕ್ಕೆ ನಮ್ಮಲ್ಲಿ ಅಡ್ಡಿಯಿಲ್ಲ. ಆದರೆ ನನ್ನ ಬಳಿ ಇದ್ದ ಒಡಪೆಲ್ಲ ವಹಿಯಲ್ಲಿ ಬಿದ್ದು ಮುಗಿದಿದ್ದವು. ಹಾಗಾಗಿ ಅವಳು ಫೋನು ತೆಗೆದಳು. ಅದರಲ್ಲಿ ಒಂದು ಚಾಟ್‌ಬಾಟ್ ಇತ್ತು. ಕನ್ನಡದಲ್ಲಿ ಏನು ಕೇಳಿದರೂ ಬರೆದು ಕೊಡುತ್ತದೆ, ಕೆಲಸದ ಕಡೆ ಆಸ್ಪತ್ರೆಯ ಕಾಗದಪತ್ರಗಳಿಗೆ ನಾವು ಅದನ್ನೇ ಬಳಸುತ್ತೇವೆ ಅಂದಳು.

ಮೊದಲನೆಯ ದಿನವೇ ಕೇಳಿದ್ದು ಸೌಟಿನ ಮೇಲೆ. ಹಾಲು ಉಕ್ಕುವಷ್ಟು ಹೊತ್ತಿನಲ್ಲಿ ಹತ್ತು ಒಡಪು ಬಂದವು. ನಮ್ಮ ಓಣಿಯ ಹೆಂಗಸರೆಲ್ಲ ಕೂಡಿ ಒಂದು ಇಡೀ ಮಧ್ಯಾಹ್ನ ಕೂತರೂ ಹತ್ತು ಆಗುವುದಿಲ್ಲ. ಸೊಸೆ ಮೊದಲನೆಯದನ್ನು ಗಟ್ಟಿಯಾಗಿ ಓದಿದಳು.

"ಬೆಳ್ಳಿಯ ಸೌಟಿನಲ್ಲಿ ಮಲ್ಲಿಗೆಯ ಘಮಲು,
ಇಂಥವರ ಪ್ರೀತಿಯೇ ನನ್ನ ಬಾಳಿನ ಅಮಲು."

ಪಡಸಾಲೆಯಲ್ಲಿ ಅಡಿಕೆ ಕತ್ತರಿಸುತ್ತ ಕೂತಿದ್ದ ಅತ್ತೆಗೆ ಕಡೆಯ ಶಬ್ದ ಮಾತ್ರ ಸರಿಯಾಗಿ ಕೇಳಿಸಿತು. ಅಡಕತ್ತರಿ ಕೆಳಗಿಟ್ಟು, ನನ್ನ ಮೊಮ್ಮಗ ಯಾವಾಗಿನಿಂದ ಕುಡಿಯಲು ಕಲಿತ ಎಂದು ವಿಚಾರಿಸಿದರು. ಅದನ್ನು ಬಗೆಹರಿಸುವುದಕ್ಕೆ ಹತ್ತು ನಿಮಿಷ ಬೇಕಾಯಿತು.

ಸೌಟಿನೊಳಗೆ ಮಲ್ಲಿಗೆ ಯಾಕೆ ಎಂಬ ನನ್ನ ಪ್ರಶ್ನೆ ಹಾಗೇ ಉಳಿಯಿತು. ಉಳಿದ ಒಂಬತ್ತನ್ನು ನೋಡಿದರೆ ಆರರಲ್ಲಿ ಮಲ್ಲಿಗೆ, ಎರಡರಲ್ಲಿ ಬೆಳದಿಂಗಳು. ಒಂದರಲ್ಲಿ ಗಂಡನ ಹೆಸರೇ ಇಲ್ಲ. ಒಡಪು ಹೇಳುವುದೇ ಅದಕ್ಕಾಗಿ ಎಂಬುದು ಮರೆತುಹೋಗಿತ್ತು. ಮಲ್ಲಿಗೆ ಬೇಡ ಎಂದು ಸೊಸೆ ಬರೆದು ಕಳಿಸಿದಳು. ಖಂಡಿತ, ಇಗೋ ಮಲ್ಲಿಗೆ ಇಲ್ಲದ ಒಡಪು ಎಂದು ಹೇಳಿ, 'ಮಲ್ಲಿಗೆ ಇಲ್ಲದ ಮುಡಿಗೆ ಸಂಪಿಗೆಯ ಸಿರಿ' ಎಂದು ಶುರು ಮಾಡಿತು. ನಾವಿಬ್ಬರೂ ನಕ್ಕೆವು. ಅವಳು ಒಡಪಿನ ವಿಷಯಕ್ಕೆ ನಕ್ಕದ್ದು ಅದೇ ಮೊದಲು.

ಅದರ ಮೇಲೆ ದಿನವೂ ಸಂಜೆ, ಅವಳು ಬಸ್ಸಿಳಿದು ಬಂದು ಕೈಕಾಲು ತೊಳೆದ ಮೇಲೆ, ಅಡುಗೆಮನೆಯಲ್ಲಿ ಇದೇ ಕೆಲಸ. ನಾನು ಕೈಗೆ ಸಿಕ್ಕಿದ್ದನ್ನು ಅವಳ ಮುಂದೆ ಹಿಡಿಯುವುದು, ಅವಳು ಫೋನಿಗೆ ಹೇಳುವುದು, ಬಂದದ್ದನ್ನು ಇಬ್ಬರೂ ಕೂತು ಅಳೆಯುವುದು. ಅಳತೆಗೆ ಏನಾದರೂ ಬೇಕಲ್ಲ ಎಂದು ವಹಿ ಬಿಚ್ಚಿದೆ. ಎಡಗಡೆಗೆ ನಮ್ಮ ಮನೆಯ ಹೆಂಗಸರು ಹೇಳಿದ್ದು, ಬಲಗಡೆಗೆ ಅದೇ ವಸ್ತುವಿನ ಮೇಲೆ ಫೋನು ಹೇಳಿದ್ದು. ಬಲಗಡೆಯ ಖಾಲಿ ಜಾಗದಲ್ಲಿ ಫೋನಿನ ಒಡಪುಗಳಲ್ಲಿ ಒಳ್ಳೆಯವನ್ನು ಬರೆದುಕೊಳ್ಳುತ್ತ ಹೋದೆ. ಯಾರು ಹೇಳಿದ್ದು ಎಂಬ ಕಡೆ 'ಫೋ' ಎಂದು ಬರೆದೆ. ದಿನ ಹಾಕಿದೆ. ವಸ್ತು ಬರೆದೆ. ಇಪ್ಪತ್ತೆರಡು ವರ್ಷ ಒಂದೇ ರೀತಿ ಬರೆದ ಕೈ, ಅದಕ್ಕೆ ಬೇರೆ ರೀತಿ ಗೊತ್ತಿಲ್ಲ.

ಪ್ರಾಸ ಹೊಂದಿಸುವುದರಲ್ಲಿ ಫೋನಿನದೇ ಕೈ ಮೇಲು. ಅದು ತಪ್ಪಿದ್ದು ಕಡಿಮೆ. ನಮ್ಮವರದು ಹಾಗಲ್ಲ. ಮುಂಡಗೋಡದ ನಾದಿನಿ ಒಡಪಿನಲ್ಲಿ ಹೆಸರಾದವಳು. ಮದುವೆಯಾದ ಹೊಸತರಲ್ಲಿ ತವರಿಗೆ ಬಂದಾಗ ಕೈಚೀಲ ಕೊಟ್ಟು ಕೇಳಿದ್ದಕ್ಕೆ ಅವಳು ಹೇಳಿದ್ದು ವಹಿಯಲ್ಲಿ ಹೀಗಿದೆ:

"ಮುಂಡಗೋಡ ಬಸ್ಸಿನಾಗ ಸೀಟಿಗೆ ಇಟ್ಟೆ ಕೈಚೀಲ,
ಇಂಥವರು ಬಂದ ಕುಂತ್ರು, ನನಗ ಜಾಗಾನ ಇಲ್ಲ."

ಚೀಲಕ್ಕೂ ಇಲ್ಲಕ್ಕೂ ಪ್ರಾಸ ಪೂರಾ ಕೂಡುವುದಿಲ್ಲ. ಅವಳು 'ಇಲ್ಲ' ಎಂಬುದನ್ನು ಎಳೆದು, ಕತ್ತು ಕೊಂಕಿಸಿ, ಗಂಡನ ಕಡೆ ಕಣ್ಣು ಹೊರಳಿಸಿ ಹೇಳಿದ್ದಳು. ಆ ದಿನ ಯಾರೂ ತಕರಾರು ತೆಗೆಯಲಿಲ್ಲ. ಫೋನಿಗೆ ಕೈಚೀಲ ಕೊಟ್ಟಾಗ ಬಂದದ್ದು ಪ್ರಾಸದಲ್ಲಿ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ, ಆದರೆ ಆ ಕೈಚೀಲವನ್ನು ಹಿಡಿದು ಯಾರೂ ಎಲ್ಲಿಗೂ ಹೋಗುವಂತಿರಲಿಲ್ಲ.

ಹಾಗೆಂದು ಎಲ್ಲವೂ ಹಾಗಲ್ಲ. ಅಕ್ಕಿ ಕೇರುವ ಮೊರದ ಮೇಲೆ ಅದು ಹೇಳಿದ್ದನ್ನು ನಾನು ಮೂರು ಸಲ ಓದಿದೆ.

"ಮೊರದಲ್ಲಿ ಕೇರಿದ ಅಕ್ಕಿ ಮುತ್ತಾಗಿ ಸುರಿಯಿತು,
ಇಂಥವರ ಹೆಸರಿಗೆ ಮನಸು ತಾನೇ ಅರಳಿತು."

ನಮ್ಮ ವಹಿಯ ಎಡಗಡೆಯಲ್ಲಿ ಇಷ್ಟು ನುಣುಪಾದದ್ದು ಒಂದೂ ಇಲ್ಲ. ಇದ್ದದ್ದನ್ನು ಇದ್ದಂತೆ ಹೇಳಬೇಕು. ಸೊಸೆ ಅದನ್ನು ನಮ್ಮ ಮಾತಿಗೆ ತಿರುಗಿಸಿ, 'ಸುರೀತು, ಅರಳೀತು' ಮಾಡಿಕೊಂಡು ಬಾಯಿಪಾಠ ಮಾಡಿದಳು. ಇನ್ನೊಂದು ಗುಣವನ್ನೂ ಹೇಳಲೇಬೇಕು. ನೂರು ಸಲ ಕೇಳಿದರೂ ಅದು ನಗುವುದಿಲ್ಲ. ಅವಳು ತಪ್ಪು ಹೇಳಿದರೆ ಪಕ್ಕದವರಿಗೆ ಕಣ್ಣು ಹೊಡೆಯುವುದಿಲ್ಲ. ನನ್ನ ಮುಂದೆಯೂ ತಡವರಿಸುತ್ತಿದ್ದ ಹುಡುಗಿ ಅದರ ಮುಂದೆ ಗಟ್ಟಿಯಾಗಿ ಹೇಳುವುದಕ್ಕೆ ಕಲಿತಳು. ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿ ಕೂತು ಹೇಳಿಕೊಳ್ಳುತ್ತಾಳಂತೆ; ಕಂಡಕ್ಟರು ಒಮ್ಮೆ, ಅಕ್ಕಾರ, ಜಪ ಮಾಡ್ತೀರೇನು ಎಂದು ಕೇಳಿದನಂತೆ.

ಒಂದು ಸಂಜೆ ಅತ್ತೆಗೂ ಹುರುಪು ಬಂತು. ಅವರ ಕಾಲದಲ್ಲಿ 'ಎಲೆ ಒಡಪು' ಎಂದು ಒಂದು ಆಟವಿತ್ತಂತೆ. ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡು ಒಡಪು ಹೇಳಬೇಕು. ತುಟಿಗೆ ತುಟಿ ತಾಗಿದರೆ ರಸ ಚಿಮ್ಮುತ್ತದೆ, ಆದ್ದರಿಂದ ಪ, ಬ, ಮ ಎನ್ನುವಂಥ ಅಕ್ಷರ ಒಂದೂ ಬರಬಾರದು. ಅತ್ತೆ ಎಲೆ ಮಡಚಿ ದವಡೆಗೆ ಒತ್ತಿ, ತಲೆ ಮೇಲೆತ್ತಿ ಹೇಳಿದರು.

"ಹಿತ್ತಲ ಗಿಡದಾಗ ಹಸರ ಗಿಳಿ ಕೂತೈತಿ,
ಇಂಥವರ ಕೈಯಾನ ಎಲಿ ಕಾಯತೈತಿ."

ಒಂದು ತೊಟ್ಟೂ ಬೀಳಲಿಲ್ಲ. ಆದರೆ ನಿಜ ಹೇಳಬೇಕೆಂದರೆ ಅವರು ಹೆಸರು ಹೇಳಲೇ ಇಲ್ಲ. ನಮ್ಮ ಮಾವನವರ ಹೆಸರಿನ ಮೊದಲ ಅಕ್ಷರಕ್ಕೇ ತುಟಿ ಕೂಡುತ್ತವೆ. ಆ ಜಾಗ ಬಂದಾಗ ಅತ್ತೆ ಬಾಯಿ ಹಾಗೇ ಬಿಟ್ಟುಕೊಂಡು, ಕಟ್ಟೆಯ ಮೇಲೆ ಕೂತಿದ್ದ ಮಾವನವರ ಕಡೆ ಮೊಣಕೈಯಿಂದ ತೋರಿಸಿದರು. ಅಷ್ಟು ವರ್ಷಗಳಿಂದ ಹಾಗೆಯೇ ನಡೆದಿದೆಯಂತೆ, ಯಾರೂ ತಪ್ಪು ಅಂದಿಲ್ಲವಂತೆ.

ಇದೇ ಕಟ್ಟನ್ನು ಸೊಸೆ ಫೋನಿಗೆ ವಿವರವಾಗಿ ಬರೆದಳು. ಅದು ಕೂಡಲೇ ಕೊಟ್ಟಿತು: 'ಬಾಳೆಯ ಎಲೆ ಮೇಲೆ ಬಿದ್ದ ಮಂಜಿನ ಹನಿ, ಇಂಥವರು ನನ್ನ ಬಾಳಿನ ದನಿ.' ಕೆಳಗೆ, ಈ ಸಾಲುಗಳಲ್ಲಿ ಪ, ಬ, ಮ ಅಕ್ಷರಗಳು ಇಲ್ಲ ಎಂಬ ಭರವಸೆ ಬೇರೆ. ನಾನು ಬೆರಳು ಮಡಚಿ ಎಣಿಸಿದೆ, ಐದು. ಬಾಯಿಯಿಂದಲೇ ನೋಡಿಬಿಡೋಣ ಎಂದು ಅತ್ತೆಯ ತಾಟಿನಿಂದ ಎಲೆ ತೆಗೆದು ಬಾಯಿಗೆ ಹಾಕಿಕೊಂಡು ಅದನ್ನೇ ಹೇಳಿದೆ. ಮೊದಲ 'ಬಾ'ಗೇ ಸೀರೆಯ ಸೆರಗು ಹಾಳಾಯಿತು. ನಿಂಬೆಹಣ್ಣು ತಿಕ್ಕಿದರೂ ಕಲೆ ಪೂರಾ ಹೋಗಿಲ್ಲ. ಐದು ಸಲ ತಪ್ಪಿದೆ ಎಂದು ಹೇಳಿದಾಗ ಫೋನು, ಕ್ಷಮಿಸಿ, ನೀವು ಹೇಳಿದ್ದು ಸರಿ ಎಂದು ಒಪ್ಪಿಕೊಂಡು ಇನ್ನೊಂದು ಕೊಟ್ಟಿತು. ಅದರಲ್ಲಿ ಆರು.

ಹೀಗೆ ಮೂರು ವಾರ ಕಳೆದು ಹನ್ನೆರಡು ಒಡಪು ಗಟ್ಟಿಯಾದವು. ಕುಬಸದಲ್ಲಿ ಕೈಗೆ ಬರಬಹುದಾದ ವಸ್ತುಗಳನ್ನೆಲ್ಲ ಯೋಚಿಸಿದ್ದೆವು: ಬಳೆ, ಅರಿಷಿಣದ ಬಟ್ಟಲು, ಕೊಬ್ಬರಿ, ಮೊರ, ಸೌಟು, ಹಣಿಗೆ, ತಂಬಿಗೆ, ದೀಪ, ಕೈಚೀಲ, ಕನ್ನಡಿ, ತೊಟ್ಟಿಲ ಹಗ್ಗ, ಬೀಗದ ಕೈ. ನಾದಿನಿ ಏನೇ ಕೊಡಲಿ, ಈ ಹನ್ನೆರಡರಲ್ಲಿ ಒಂದಾಗುತ್ತದೆ ಎಂದು ಸೊಸೆಗೆ ಧೈರ್ಯ ಬಂದಿತ್ತು. ಕುಬಸದ ಹಿಂದಿನ ಸಂಜೆ ಹನ್ನೆರಡನ್ನೂ ತಪ್ಪಿಲ್ಲದೆ ಹೇಳಿದಳು. ಪಕ್ಕದ ಕೋಣೆಯಲ್ಲಿ ಅವಳ ತಾಯಿ ಮುರುಗಲು ಸಿಪ್ಪೆಯ ಗಂಟು ಬಿಚ್ಚುತ್ತ ಕೇಳಿಸಿಕೊಂಡರೋ ಇಲ್ಲವೋ ಗೊತ್ತಿಲ್ಲ. ಊಟಕ್ಕೆ ಬಂದಾಗ ಮಗಳ ಮುಖವನ್ನೇ ನೋಡುತ್ತಿದ್ದರು.

ಕುಬಸದ ದಿನ ನಾದಿನಿ ಎರಡು ಬಸ್ಸು ಬದಲಿಸಿ ಹನ್ನೊಂದಕ್ಕೆ ಬಂದಳು. ಬಂದವಳೇ ಅಡುಗೆಮನೆಗೆ ಇಣುಕಿ, ಹೂರಣದ ರುಚಿ ನೋಡಿ, ವೈನಿ, ಬೆಲ್ಲಾ ಕಡಿಮಿ ಆತು ಎಂದು ಪ್ರತಿ ಸಲದಂತೆ ಹೇಳಿ, ಪಡಸಾಲೆಗೆ ಹೋದಳು. ಓಣಿಯ ಹೆಂಗಸರೆಲ್ಲ ಕೂತಿದ್ದರು. ಸೊಸೆಗೆ ಹಸಿರು ಸೀರೆ ಉಡಿಸಿ, ಬಳೆ ಇಡಿಸಿ, ಉಡಿ ತುಂಬಿದೆವು. ಅವಳ ತಾಯಿ ಮುಂದಿನ ಸಾಲಿನಲ್ಲಿ, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು. ಅಲ್ಲಿಯ ತನಕ ಎಲ್ಲ ಸುಸೂತ್ರ.

ಒಡಪಿಗೆ ಮುಂಚೆ ವಹಿ ನೋಡುವುದು ನಮ್ಮ ಮನೆಯ ಪದ್ಧತಿ. ಕೇಳುವವರು ಹಿಂದಿನ ನಾಲ್ಕಾರು ಪುಟ ತಿರುವಿ, ಯಾವುದು ಆಗಿಹೋಗಿದೆ ಎಂದು ನೋಡಿಕೊಳ್ಳುತ್ತಾರೆ. ನಾದಿನಿ ದೇವರ ಮಾಡದ ಪಕ್ಕದಿಂದ ವಹಿ ತೆಗೆದಳು, ಕನ್ನಡಕ ಹಾಕಿಕೊಂಡಳು. ನಾನು ಆಗ ಆರತಿ ತಟ್ಟೆ ಹಿಡಿದಿದ್ದೆ. ಅವಳ ಹುಬ್ಬು ಮೇಲೇರುವುದನ್ನು ನೋಡಿದ ಕೂಡಲೇ ನನಗೆ ಗೊತ್ತಾಯಿತು.

"ವೈನಿ, ಇವು ಹನ್ನೆರಡ ಯಾರ ಹೇಳಿದ್ದು? ಈ 'ಫೋ' ಅಂದ್ರ ಯಾರು, ಯಾವ ಮನಿ ಸೊಸಿ?"

ಸೊಸೆ ನನ್ನ ಕಡೆ ನೋಡಿದಳು. ಅವಳಿಗೂ ಆ ಗಳಿಗೆಯಲ್ಲೇ ತಿಳಿಯಿತು. ಮುಚ್ಚಿಡುವುದಕ್ಕೆ ನನಗೆ ಬರುವುದಿಲ್ಲ. ಆರತಿ ತಟ್ಟೆ ಕೆಳಗಿಟ್ಟು ಇದ್ದದ್ದನ್ನು ಹೇಳಿದೆ: ಫೋನಿನಿಂದ ಕಲಿತದ್ದು, ಕಲಿಯುವಾಗ ರೂಢಿಯ ಮೇಲೆ ನಾನೇ ವಹಿಯಲ್ಲಿ ಬರೆದದ್ದು, ತಪ್ಪು ನನ್ನದು, ಅವಳದಲ್ಲ.

ಪಡಸಾಲೆಯಲ್ಲಿ ಗದ್ದಲವೆದ್ದಿತು. ಫೋನು ಹೇಳಿದ್ದನ್ನು ಹೇಳಿದಂತೆ ಎಂದು ಹಿಡಿಯಬಹುದೇ ಎಂಬುದು ಮೊದಲ ವಾದ. ಅದಕ್ಕೆ ಗಂಡನೇ ಇಲ್ಲ, ಅದು ಯಾರ ಹೆಸರು ಹೇಳುತ್ತದೆ, ಆದ್ದರಿಂದ ಅದು ಒಡಪೇ ಅಲ್ಲ ಎಂದು ಎದುರು ಮನೆಯಾಕೆ. ಹೆಸರು ನಮ್ಮ ಹುಡುಗನದೇ ಇದೆಯಲ್ಲ ಎಂದು ನಾದಿನಿ. ಹಾಗಾದರೆ ಈ ಫೋನು ಸವತಿ ಆಯಿತಲ್ಲ ಎಂದು ಹಿಂದಿನ ಸಾಲಿನಿಂದ ಒಂದು ದನಿ. ಅದಕ್ಕೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಸೊಸೆ ನಗಲಿಲ್ಲ. ಅವಳ ತಾಯಿಗೆ ನಮ್ಮ ವೇಗದ ಕನ್ನಡ ಅರ್ಧ ತಿಳಿಯುತ್ತದೆ, ಅರ್ಧ ತಿಳಿಯುವುದಿಲ್ಲ. ನಗು ಮಾತ್ರ ತಿಳಿಯುತ್ತದೆ. ಅವರು ಮಡಿಲಲ್ಲಿದ್ದ ಕೈಗಳನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡರು.

ಕೊನೆಗೆ ಎಲ್ಲರೂ ಅತ್ತೆಯ ಮುಖ ನೋಡಿದರು. ಕಟ್ಟು ಕಟ್ಟಿದವರು ಅವರು. ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ ಹೇಳಿದರು.

"ಯಾರ ಬಾಯಿಂದರೆ ಬರಲಿ. ವಹಿಯಾಗ ಬಿತ್ತಂದ್ರ ಬಿತ್ತು."

ಹನ್ನೆರಡೂ ಹೋದವು. ಮೂರು ವಾರದ ಕಲಿಕೆ, ಬಸ್ಸಿನ ಜಪ, ಎಲ್ಲ ನನ್ನ ದುಂಡು ಅಕ್ಷರಕ್ಕೆ ಬಲಿಯಾದವು. ಗುಂಪಿನಲ್ಲಿ ಯಾರೋ, ಹೋಗಲಿ ಬಿಡ್ರಿ, ಬಸುರಿ ಹುಡುಗಿ ಎಂದು ಶುರು ಮಾಡಿದರು. ಮುಂದಿನ ಶಬ್ದ ಯಾವುದು ಎಂದು ನನಗೂ ಗೊತ್ತು, ಸೊಸೆಗೂ ಗೊತ್ತು. ಅವಳು ನಾದಿನಿಯ ಕಡೆ ತಿರುಗಿದಳು.

"ಸಣ್ಣತ್ತೀ, ಕೈಯಾಗ ಏನ ಕೊಡ್ತೀರಿ ಕೊಡ್ರಿ."

ನಾದಿನಿ ಮೊದಲೇ ಏನು ತಂದಿದ್ದಳೋ ನನಗೆ ಗೊತ್ತಿಲ್ಲ; ಸೆರಗಿನ ಕೆಳಗೆ ಏನೋ ಇತ್ತು. ಅದನ್ನು ಅಲ್ಲೇ ಬಿಟ್ಟು, ತನ್ನ ಕೈಯಲ್ಲಿದ್ದ ವಹಿಯನ್ನೇ ಮುಚ್ಚಿ ಅವಳ ಕೈಗೆ ಇಟ್ಟಳು.

"ತಗೋ, ಇದರ ಮ್ಯಾಲ ಹೇಳು. ಇದರ ಮ್ಯಾಲ ಈ ಮನಿಯಾಗ ಯಾರೂ ಹೇಳಿಲ್ಲ."

ಅದು ಕುಹಕವೋ, ದಯೆಯೋ, ನಾನು ಇವತ್ತಿನವರೆಗೆ ಕೇಳಿಲ್ಲ. ನಾದಿನಿಯಲ್ಲಿ ಎರಡೂ ಇವೆ.

ಸೊಸೆ ವಹಿ ಹಿಡಿದು ನಿಂತಳು. ಸೌಟು ಹಿಡಿದು ನಿಂತ ಹಾಗೆಯೇ. ನನಗೆ ಏನಾದರೂ ಹೊಳೆದರೆ ಕಿವಿಯಲ್ಲಿ ಹೇಳಿಬಿಡೋಣವೆಂದು ನಾನೂ ಒಳಗೇ ಹುಡುಕುತ್ತಿದ್ದೆ. ವಹಿಗೆ ರಹಿ, ಸಹಿ, ಕಹಿ ಎಂದು ಶಬ್ದಗಳು ಬರುತ್ತಿದ್ದವೇ ಹೊರತು ಒಂದೂ ಒಡಪಾಗಲಿಲ್ಲ. ಆಗ ಅವಳು ವಹಿಯನ್ನು ಬಿಚ್ಚಿ, ಹುಡುಕಿ, ಒಂದು ಪುಟವನ್ನು ಎಲ್ಲರ ಕಡೆ ತಿರುಗಿಸಿ ಹಿಡಿದಳು. ಮದುವೆಯ ದಿನದ ಪುಟ.

"ಅತ್ತಿಯವರ ವಹಿಯಾಗ ನನ್ನ ಪಾಲಿಗೆ ಬರದದ್ದು ಮಾಫಿ,
ಇಂಥವರ ಹೆಸರ ಹೇಳೇನಿ, ಕೂಡ್ರಿ, ಎಲ್ಲಾರಿಗೂ ಮಾಡ್ತೇನಿ ಕಾಫಿ."

ಎದುರು ಮನೆಯಾಕೆ, ಮಾಫಿಗೆ ಕಾಫಿ ಎಂದು ತನ್ನಷ್ಟಕ್ಕೆ ಹೇಳಿಕೊಂಡು ನಗಲು ಶುರು ಮಾಡಿದಳು, ಮತ್ತೆ ಇಡೀ ಪಡಸಾಲೆ. ಈ ಸಲದ ನಗುವಿನಲ್ಲಿ ಸೊಸೆಯೂ ಇದ್ದಳು. ಅವಳ ತಾಯಿ ನನ್ನ ಕಡೆ ಬಾಗಿ, ಆಯಿತೇ ಎಂದು ಕಣ್ಣಿನಲ್ಲೇ ಕೇಳಿದರು. ಆಯಿತು ಎಂದು ತಲೆ ಆಡಿಸಿದೆ. ಅವರು ಕೈಗಳನ್ನು ಬಿಡಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಪಕ್ಕದಲ್ಲಿದ್ದವರಿಗೆ ಹಲಸಿನ ಹಪ್ಪಳದ ಡಬ್ಬಿ ಕೊಟ್ಟರು.

ನಾದಿನಿ ಅಷ್ಟು ಸುಲಭಕ್ಕೆ ಬಿಡುವವಳಲ್ಲ. ಈ ಮನೆಯಲ್ಲಿ ಎಲ್ಲರೂ ಕುಡಿಯುವುದು ಚಹಾ, ಮನೆಯಲ್ಲಿ ಕಾಫಿ ಪುಡಿಯೇ ಇಲ್ಲ, ಇಲ್ಲದ್ದನ್ನು ಒಡಪಿನಲ್ಲಿ ಹಾಕುವುದಾದರೆ ಆ ಫೋನಿನ ಬೆಳ್ಳಿ ಸೌಟು ಏನು ತಪ್ಪು ಮಾಡಿತ್ತು ಎಂದು ಹಿಡಿದಳು. ಮಾತಿನಲ್ಲಿ ತೂಕವಿತ್ತು. ಅತ್ತೆ ಕೂಡ ತಲೆ ಅಲ್ಲಾಡಿಸಿದರು. ಸೊಸೆ ವಹಿಯನ್ನು ನನ್ನ ಕೈಗೆ ಕೊಟ್ಟು, ಪುಡಿ ಬರಲಿ, ಮಾಡಿ ಕುಡಿಸಿದ ಮೇಲೆ ಬರೆದುಕೊಳ್ಳಿ, ಕುಡಿಸದಿದ್ದರೆ ಬರೆಯಬೇಡಿ ಅಂದಳು. ಇದು ಎಲ್ಲರಿಗೂ ಒಪ್ಪಿಗೆಯಾಯಿತು.

ಎದುರು ಮನೆಯಾಕೆಯೇ ಮೂಲೆಯ ಅಂಗಡಿಗೆ ಹೋಗಿ ಇದ್ದ ಕಾಫಿ ಪುಡಿಯ ಪೊಟ್ಟಣಗಳನ್ನೆಲ್ಲ ತಂದಳು. ಅಂಗಡಿಯವನಿಗೆ ಆಶ್ಚರ್ಯ, ವರ್ಷಕ್ಕೆ ಅಷ್ಟು ಮಾರುತ್ತಾನೋ ಇಲ್ಲವೋ. ದೊಡ್ಡ ಪಾತೇಲಿಯಲ್ಲಿ ಹಾಲು ಕಾಯಿಸಿದೆವು. ಹಸಿರು ಸೀರೆ ಉಟ್ಟ ಬಸುರಿಯನ್ನು ಒಲೆಯ ಮುಂದೆ ನಿಲ್ಲಿಸಬಾರದೆಂದು ನಾನು ಎಷ್ಟು ಹೇಳಿದರೂ ಕೇಳದೆ, ಪುಡಿ, ಸಕ್ಕರೆ ಅವಳೇ ಹಾಕಿದಳು, ಅವಳೇ ಸೋಸಿದಳು. ಸೋಸುವ ಅಗತ್ಯವಿರಲಿಲ್ಲ, ಅದು ಹಾಗೇ ಕರಗುವ ಪುಡಿ. ಚಹಾದ ರೂಢಿ. ಬಟ್ಟಲು ಸಾಲದೆ ತಂಬಿಗೆ, ವಾಟಗ, ಅತ್ತೆಯ ಔಷಧದ ಲೋಟ ಎಲ್ಲ ಬಂದವು. ಕಾಫಿ ತೆಳ್ಳಗಾಗಿತ್ತು, ಸಕ್ಕರೆ ಹೆಚ್ಚಾಗಿತ್ತು. ನಾದಿನಿ ಎರಡು ಸಲ ಹಾಕಿಸಿಕೊಂಡಳು. ಆಗ ನಾನು ವಹಿ ಬಿಚ್ಚಿ, ದಿನ, ವಸ್ತು, ಒಡಪು ಬರೆದೆ. ಹಳೆಯ ಪುಟವನ್ನು ಹಾಗೇ ಬಿಟ್ಟೆ.

ಹೆಂಗಸರೆಲ್ಲ ಹೋದ ಮೇಲೆ ನಾದಿನಿ ಸೊಸೆಯ ಫೋನು ಇಸಕೊಂಡು ಕೂತಳು. ವಹಿಯ ಮೇಲೆ ನೀನೊಂದು ಒಡಪು ಹೇಳು ನೋಡೋಣ ಎಂದು ಅದಕ್ಕೆ ಕೇಳಿದಳು. ಜ್ಞಾನದ ದೀಪ, ಪುಟಪುಟದಲ್ಲಿ ಮಲ್ಲಿಗೆ ಎಂದೆಲ್ಲ ಬಂತು. ಚಲೋ ಇಲ್ಲ ಅಂದಳು. ಕ್ಷಮಿಸಿ, ನೀವು ಹೇಳಿದ್ದು ಸರಿ ಅಂದಿತು. ಚಲೋ ಐತಿ, ಸುಮ್ಮನ ಅಂದೆ ಅಂದಳು. ಧನ್ಯವಾದ, ನಿಮಗೆ ಇಷ್ಟವಾದದ್ದು ಸಂತೋಷ ಅಂದಿತು. ಅರ್ಧ ಗಂಟೆ ಅದನ್ನು ಕೆಣಕಿ, ಬೈದು, ಹೊಗಳಿ ನೋಡಿದಳು. ಕೊನೆಗೆ ಫೋನನ್ನು ಜಮಖಾನೆಯ ಮೇಲೆ ಇಟ್ಟುಬಿಟ್ಟಳು.

"ಇದಕ್ಕ ಸಿಟ್ಟ ಬರಂಗಿಲ್ಲ ವೈನಿ. ಸೋತ್ರೂ ಇದಕ್ಕೇನೂ ಆಗಂಗಿಲ್ಲ. ಇದರ ಜೋಡಿ ಆಡಿ ಏನ ಮಜಾ?"

ಎಲೆ ಒಡಪಿನಲ್ಲಿ ಹೆಸರಿನ ಜಾಗ ಬಂದಾಗ ಮೊಣಕೈ ತೋರಿಸುವುದು ಅದಕ್ಕೆ ಬರುವುದಿಲ್ಲ ಎಂದು ನಾನು ಹೇಳಿದೆ. ತಮ್ಮನ್ನು ಆಡಿಕೊಂಡೆನೆಂದು ಅತ್ತೆ ಮುಖ ತಿರುಗಿಸಿದರು, ಸ್ವಲ್ಪ ಹೊತ್ತು. ಸೊಸೆ ಮಾತ್ರ ಫೋನಿನ ಪರ. ನಿಮ್ಮೆಲ್ಲರ ಮುಂದೆ ಬಾಯಿ ಬಿಡುವುದನ್ನು ಕಲಿಸಿದ್ದು ಅದೇ ಅಲ್ಲವೇ ಎಂದಳು. ಅವಳ ತಾಯಿ ಏನೋ ಕೊಂಕಣಿಯಲ್ಲಿ ಹೇಳಿದರು, ತಾಯಿ ಮಗಳು ಇಬ್ಬರೂ ನಕ್ಕರು. ಏನೆಂದು ಕೇಳಿದ್ದಕ್ಕೆ, ಕಾಫಿ ಬದಲು ನಮ್ಮ ಮುರುಗಲು ಹಣ್ಣಿನ ಪಾನಕ ಅಂದಿದ್ದರೆ ಪುಡಿ ತರುವುದು ತಪ್ಪುತ್ತಿತ್ತಲ್ಲ ಎಂದರಂತೆ. ಪ್ರಾಸ ಎಲ್ಲಿ ಕೂಡುತ್ತದೆ ಎಂದು ನಾದಿನಿ ಅವರ ಜೊತೆ ವಾದಕ್ಕೆ ಕೂತಳು. ಒಬ್ಬರ ಮಾತು ಒಬ್ಬರಿಗೆ ಅರ್ಧವೇ ತಿಳಿದರೂ ವಾದ ಚೆನ್ನಾಗಿಯೇ ನಡೆಯಿತು.

ರಾತ್ರಿಗೆ ಯಾರಿಗೂ ಹಸಿವಿರಲಿಲ್ಲ. ಬಿಸಿ ಅನ್ನ, ಮಜ್ಜಿಗೆ, ಶೇಂಗಾ ಹಿಂಡಿ. ಬೀಗಿತ್ತಿ ತಂದಿದ್ದ ಹಪ್ಪಳ ಎಂಟು ಸುಟ್ಟೆ. ಮಾವನವರು ಹಾಲನ್ನ ಉಂ‍ಡರು. ನಾದಿನಿ ಎರಡು ಹಪ್ಪಳ ತಿಂದು, ಹೋಳಿಗೆ ನಾಳೆ ಬಸ್ಸಿಗೆ ಕಟ್ಟಿಕೊಡು ಅಂದಳು. ಸೊಸೆ ತಟ್ಟೆಯಲ್ಲಿ ಎರಡು ತುತ್ತು ಬಿಟ್ಟು, ತಾಯಿಯ ತೊಡೆಯ ಮೇಲೆ ತಲೆ ಇಟ್ಟು, ಜಡೆ ಬಿಚ್ಚುವಷ್ಟರಲ್ಲೇ ನಿದ್ದೆ ಹೋದಳು. ಇನ್ನೂ ಎಂಟು ಆಗಿರಲಿಲ್ಲ. ಆಮೇಲೆ ಅತ್ತೆ ಮಲಗಿದರು.